ತಲೆಯೊಳಗಿನ ಕರೆಂಟ್ ಎಲ್ಲಿಂದ ಬಂತು? ಒಂದು ಪ್ರಕರಣ ಅಧ್ಯಯನ

ತಲೆಗೆ ಸಣ್ಣಗೆ ಕರೆಂಟ್ ಬಿಡುವ ಹೆಡ್‌ಸೆಟ್ ಬಳಸಲು ಶುರುಮಾಡಿದ ಆರನೇ ದಿನ ಬೆಳಗ್ಗೆ ಅವರ ಫೋನ್ ಬಂತು.

"ಮೇಡಂ, ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಆಗ್ತಿದೆ. ನಿನ್ನೆಯಿಂದ ಅದನ್ನ ಹಾಕಿಕೊಂಡೇ ಇಲ್ಲ. ಆದ್ರೂ ನಿಂತಿಲ್ಲ."

ನಿದ್ದೆ ಬಾರದವರಿಗೆ ಮಾತಿನ ಚಿಕಿತ್ಸೆ ಕೊಡುವುದು ನನ್ನ ಕೆಲಸ. ಔಷಧಿ ಬರೆಯುವವಳಲ್ಲ. ಈ ಪ್ರಕರಣದಲ್ಲಿ ಅದು ಮುಖ್ಯ, ಯಾಕಂದ್ರೆ ನಾನು ಎಡವಿದ್ದೇ ಅಲ್ಲಿ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬಿಟ್ಟಿದ್ದೇನೆ. ವಯಸ್ಸು 41, ಗಣಿತದ ಟೀಚರ್. ಇಷ್ಟು ಸಾಕು. ಗಣಿತದವರು ಅನ್ನೋದನ್ನ ಮಾತ್ರ ಬಿಡುವ ಹಾಗಿಲ್ಲ. ಅದು ಮುಂದೆ ಕೆಲಸಕ್ಕೆ ಬರುತ್ತದೆ.

ಅವರಿಗೆ ಖಿನ್ನತೆ ಶುರುವಾಗಿ ಎರಡು ವರ್ಷ ದಾಟಿತ್ತು. ಮನೋವೈದ್ಯರು ವೆನ್ಲಾಫ್ಯಾಕ್ಸಿನ್ 75 ಮಿಲಿಗ್ರಾಂ ಕೊಟ್ಟಿದ್ದರು. ಅಳು ನಿಂತಿತ್ತು, ಕೆಲಸಕ್ಕೆ ಹೋಗುತ್ತಿದ್ದರು, ಆದರೆ "ಎಲ್ಲಾ ಬೂದಿ ಬಣ್ಣ" ಅನ್ನುತ್ತಿದ್ದರು. ಜೊತೆಗೆ ಬೆವರು, ಬಾಯಿ ಒಣಗುವುದು. ನಿದ್ದೆಯಂತೂ ಸರಿಹೋಗಲೇ ಇಲ್ಲ. ರಾತ್ರಿ ಹತ್ತಕ್ಕೆ ಮಲಗಿದರೆ ಹನ್ನೊಂದೂವರೆ ತನಕ ಹೊರಳಾಟ. ಮೂರು ಗಂಟೆಗೆ ಎಚ್ಚರ. ಆಮೇಲೆ ಅರ್ಧ ನಿದ್ದೆ, ಅರ್ಧ ಲೆಕ್ಕಾಚಾರ: ಇನ್ನು ಎಷ್ಟು ಗಂಟೆ ಉಳಿದಿದೆ, ನಾಳೆ ಎಷ್ಟು ಪೀರಿಯಡ್ ಇದೆ. ಥೈರಾಯ್ಡ್ ಸರಿಯಿತ್ತು, ರಕ್ತದಲ್ಲಿ ಕಬ್ಬಿಣದ ಅಂಶವೂ ಸರಿಯಿತ್ತು. ಗೊರಕೆ ಇಲ್ಲ, ಉಸಿರು ಕಟ್ಟುವುದಿಲ್ಲ, ಮಲಗಿದಾಗ ಕಾಲು ಎಳೆಯುವುದಿಲ್ಲ.

ಅವರ ತಮ್ಮ ಅಕ್ಕನ ಮೇಲಿನ ಪ್ರೀತಿಗೆ ಒಂದು ಹೆಡ್‌ಸೆಟ್ ತಂದುಕೊಟ್ಟ. ಹಣೆಗೆ ಕಟ್ಟಿಕೊಳ್ಳುವ ಪಟ್ಟಿ, ಒಳಗೆ ಎರಡು ಸ್ಪಂಜು, ಫೋನಿನಲ್ಲಿ ಒಂದು ಆ್ಯಪ್. ಡಬ್ಬಿಯ ಮೇಲೆ ದೊಡ್ಡದಾಗಿ "ಔಷಧಿ ಇಲ್ಲದೆ" ಅಂತ ಇತ್ತು. ಇಡೀ ಪ್ರಕರಣ ತಿರುಗಿದ್ದು ಈ ಎರಡು ಪದದ ಸುತ್ತ.

ಡಬ್ಬಿಯಲ್ಲಿ ಇದ್ದದ್ದೇನು

ಮೊದಲ ಭೇಟಿಯಲ್ಲಿ ಅವರು ಕೇಳಿದ್ದು ಒಂದೇ ಪ್ರಶ್ನೆ. "ಇದು ಶಾಕ್ ಟ್ರೀಟ್‌ಮೆಂಟ್ ಅಲ್ವಾ?"

ಅಲ್ಲ. ಶಾಕ್ ಅಂತ ಜನ ಕರೆಯುವ ಇಸಿಟಿಯನ್ನು 1938ರಲ್ಲಿ ಇಟಲಿಯ ಚೆರ್ಲೆಟ್ಟಿ ಮತ್ತು ಬಿನಿ ಮೊದಲು ಬಳಸಿದರು. ಅದರಲ್ಲಿ ಸುಮಾರು 800 ಮಿಲಿಆಂಪಿಯರ್ ಕರೆಂಟನ್ನು ಕೆಲವು ಸೆಕೆಂಡ್ ಬಿಡುತ್ತಾರೆ. ಫಿಟ್ಸ್ ಬರಿಸುವುದೇ ಅದರ ಉದ್ದೇಶ. ಈಗ ಅರಿವಳಿಕೆ ಕೊಟ್ಟು ಮಾಡುತ್ತಾರೆ. ತೀವ್ರ ಖಿನ್ನತೆಗೆ ಇವತ್ತಿಗೂ ಅದಕ್ಕಿಂತ ಬಲವಾದ ಚಿಕಿತ್ಸೆ ಕಡಿಮೆ. ಅದರ ಕೆಟ್ಟ ಹೆಸರು ಅದಕ್ಕೆ ತಕ್ಕದ್ದಲ್ಲ ಅನ್ನೋದು ನನ್ನ ಅಭಿಪ್ರಾಯ. ಆದರೆ ಆ ಮಾತು ಬೇರೆ ದಿನಕ್ಕಿರಲಿ. ಈ ಹೆಡ್‌ಸೆಟ್‌ನಲ್ಲಿ ಹರಿಯುವುದು 2 ಮಿಲಿಆಂಪಿಯರ್, ಅಂದರೆ ನಾನೂರರಲ್ಲಿ ಒಂದು ಪಾಲು. ಅರ್ಧ ಗಂಟೆ, ಒಂದೇ ದಿಕ್ಕಿನಲ್ಲಿ, ಸಣ್ಣಗೆ.

ಇದಕ್ಕೆ ಟಿಡಿಸಿಎಸ್ ಅಂತ ಹೆಸರು. ತಲೆಬುರುಡೆಯ ಹೊರಗಿನಿಂದ ಕೊಡುವ ನೇರ ಕರೆಂಟು. ಜರ್ಮನಿಯ ಗಟಿಂಗೆನ್‌ನಲ್ಲಿ ನಿಟ್ಷೆ ಮತ್ತು ಪೌಲಸ್ 2000ನೇ ಇಸವಿಯಲ್ಲಿ ತೋರಿಸಿದ ಪ್ರಯೋಗದಿಂದ ಇದರ ಈಗಿನ ಕಥೆ ಶುರು. ಕೈಕಾಲು ಆಡಿಸುವ ಮಿದುಳಿನ ಭಾಗದ ಮೇಲೆ 1 ಮಿಲಿಆಂಪಿಯರ್ ಬಿಟ್ಟರು. ಧನ ತುದಿಯ ಕೆಳಗಿನ ನರಕೋಶಗಳು ಚುರುಕಾದವು, ಋಣ ತುದಿಯ ಕೆಳಗಿನವು ಮಂಕಾದವು. ಕರೆಂಟ್ ನಿಲ್ಲಿಸಿದ ಮೇಲೂ ಆ ಬದಲಾವಣೆ ಸ್ವಲ್ಪ ಹೊತ್ತು ಉಳಿಯಿತು. ಗಮನಿಸಿ, ಈ ಕರೆಂಟು ನರಕೋಶಕ್ಕೆ ಹೊಡೆದು ಎಬ್ಬಿಸುವುದಿಲ್ಲ. ಹೊಸ್ತಿಲಲ್ಲಿ ನಿಂತವನ ಬೆನ್ನಿಗೆ ಮೆಲ್ಲಗೆ ಕೈ ಇಟ್ಟ ಹಾಗೆ, ಅಷ್ಟೇ. ಖಿನ್ನತೆಯಲ್ಲಿ ಹಣೆಯ ಎಡಭಾಗದ ಹಿಂದೆ, ಯೋಚನೆಯನ್ನು ಹಿಡಿತದಲ್ಲಿಡುವ ಜಾಗ ಮಂಕಾಗಿರುತ್ತದೆ ಅನ್ನುವ ಲೆಕ್ಕದಲ್ಲಿ ಧನ ತುದಿಯನ್ನು ಅಲ್ಲಿಗೆ ಇಡುತ್ತಾರೆ.

ಇದರ ದಾಯಾದಿ ಇನ್ನೊಂದಿದೆ, ಸಿಇಎಸ್. ಕಿವಿಗೆ ಕ್ಲಿಪ್ ಹಾಕುವುದು ಅಥವಾ ಕಣತಲೆಗೆ ಸ್ಪಂಜು ಒತ್ತುವುದು. ಅದರಲ್ಲಿ ಕರೆಂಟು ದಿಕ್ಕು ಬದಲಿಸುತ್ತಾ ಮಿಡಿಯುತ್ತದೆ. ಬೇರು ಹುಡುಕಿದರೆ ಸೋವಿಯತ್ ಒಕ್ಕೂಟದ "ವಿದ್ಯುತ್ ನಿದ್ದೆ" ಚಿಕಿತ್ಸೆಗೆ ಹೋಗಿ ಮುಟ್ಟುತ್ತೇವೆ. ಔಷಧಿ ಮತ್ತು ವೈದ್ಯಕೀಯ ಯಂತ್ರಗಳ ಮೇಲೆ ನಿಗಾ ಇಡುವ ಅಮೆರಿಕದ ಎಫ್‌ಡಿಎ 2019ರ ಡಿಸೆಂಬರ್‌ನಲ್ಲಿ ಇದನ್ನು ಎರಡಾಗಿ ಒಡೆಯಿತು. ಆತಂಕ ಮತ್ತು ನಿದ್ರಾಹೀನತೆಗೆ ಬಳಸುವ ಸಿಇಎಸ್ ಎರಡನೇ ದರ್ಜೆಗೆ ಇಳಿಯಿತು. ಖಿನ್ನತೆಗೆ ಬಳಸುವುದು ಅತಿ ಕಟ್ಟುನಿಟ್ಟಿನ ಮೂರನೇ ದರ್ಜೆಯಲ್ಲೇ ಉಳಿಯಿತು. ಅದೇ ಯಂತ್ರ, ಆದರೆ ಕಾಯಿಲೆಯ ಹೆಸರು ಬದಲಾದರೆ ಕೇಳುವ ಸಾಕ್ಷಿ ಬದಲಾಗುತ್ತದೆ. ಮಾರಾಟದ ಪುಟಗಳಲ್ಲಿ ಮಾತ್ರ ಇವೆಲ್ಲ ಕಲಸಿಹೋಗಿರುತ್ತವೆ. ಒಂದರ ಪ್ರಯೋಗದ ಫಲಿತಾಂಶ ಇನ್ನೊಂದರ ಜಾಹೀರಾತಿನಲ್ಲಿ ಕೂತಿರುತ್ತದೆ.

ತಲೆಗೆ ಕರೆಂಟ್ ಕೊಡುವ ಆಸೆ ಹೊಸದೇನಲ್ಲ. ರೋಮನ್ ಚಕ್ರವರ್ತಿ ಕ್ಲಾಡಿಯಸ್‌ನ ಕಾಲದ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸ್, ತಲೆನೋವಿಗೆ ಜೀವಂತ ವಿದ್ಯುತ್ ಮೀನನ್ನು ಹಣೆಗೆ ಇಡಿ ಅಂತ ಬರೆದಿಟ್ಟಿದ್ದಾನೆ. ಇದನ್ನು ಹೇಳಿದಾಗ ಟೀಚರ್ ಮೊದಲ ಸಲ ನಕ್ಕರು. "ಆ ಮೀನಿಗೂ ಆ್ಯಪ್ ಇತ್ತಾ?"

ಸಾಕ್ಷಿ ಎಷ್ಟಿದೆ ಅಂತಲೂ ಕೇಳಿದರು. ನೇರವಾಗಿ ಹೇಳಿದೆ: ಹಗ್ಗಜಗ್ಗಾಟ ಇದೆ. 2013ರಲ್ಲಿ ಬ್ರೆಜಿಲ್‌ನ ಬ್ರುನೋನಿ ತಂಡ 120 ಜನರ ಮೇಲೆ ನೋಡಿತು. ಟಿಡಿಸಿಎಸ್ ಜೊತೆ ಸರ್ಟ್ರಾಲಿನ್ ಮಾತ್ರೆಯನ್ನೂ ತೆಗೆದುಕೊಂಡವರಿಗೆ ಎಲ್ಲರಿಗಿಂತ ಜಾಸ್ತಿ ಗುಣವಾಯಿತು. ಅದೇ ತಂಡ 2017ರಲ್ಲಿ 245 ಜನರಲ್ಲಿ ಎಸ್ಸಿಟಾಲೊಪ್ರಾಮ್ ಮಾತ್ರೆಗೆ ಟಿಡಿಸಿಎಸ್ ಸಮವೇ ಅಂತ ಪರೀಕ್ಷಿಸಿತು. ಸಮ ಅಂತ ಸಾಬೀತಾಗಲಿಲ್ಲ. ಬರೀ ತೋರಿಕೆಯ ಚಿಕಿತ್ಸೆಗಿಂತ ಮೇಲು ಅನ್ನುವುದು ಮಾತ್ರ ಕಂಡಿತು. 2023ರಲ್ಲಿ ಜರ್ಮನಿಯಲ್ಲಿ, ಆಗಲೇ ಮಾತ್ರೆ ತಿನ್ನುತ್ತಿದ್ದ 160 ಜನರಿಗೆ ಇದನ್ನು ಸೇರಿಸಿ ಕೊಟ್ಟರು. ತೋರಿಕೆಯ ಕರೆಂಟಿಗೂ ನಿಜವಾದದ್ದಕ್ಕೂ ವ್ಯತ್ಯಾಸವೇ ಸಿಗಲಿಲ್ಲ. ಮರುವರ್ಷ ಬ್ರಿಟನ್ ಮತ್ತು ಅಮೆರಿಕದ 174 ಜನರು ಮನೆಯಲ್ಲೇ ಹತ್ತು ವಾರ ಬಳಸಿದರು. ನಿಜವಾದ ಕರೆಂಟ್ ಪಡೆದವರಲ್ಲಿ ನೂರಕ್ಕೆ ಸುಮಾರು 45 ಜನ ಖಿನ್ನತೆಯಿಂದ ಹೊರಬಂದರು. ತೋರಿಕೆಯದ್ದು ಪಡೆದವರಲ್ಲಿ ಸುಮಾರು 22.

"ಇಪ್ಪತ್ತೆರಡು ಸೊನ್ನೆಯಲ್ಲ" ಅಂದರು ಟೀಚರ್. ಅದೇ ಮುಖ್ಯ. ತೋರಿಕೆಯ ಗುಂಪಿನಲ್ಲಿ ಯಂತ್ರ ಶುರುವಿನಲ್ಲಿ ಸ್ವಲ್ಪ ಚುರುಗುಟ್ಟಿಸಿ ಸುಮ್ಮನಾಗುತ್ತದೆ. ಆದರೂ ಐದರಲ್ಲಿ ಒಬ್ಬರಿಗಿಂತ ಜಾಸ್ತಿ ಜನ ಏಳುತ್ತಾರೆ. ಹಾಗಾದರೆ ನಿಮ್ಮೊಬ್ಬರಿಗೆ ಗುಣವಾದರೆ ಅದು ಯಾವುದರಿಂದ ಅಂತ ಹೇಳೋದು ಹೇಗೆ?

ಇನ್ನೊಂದು ಕಿರಿಕಿರಿ ಇದೆ. ಬುಜಾಕಿ ಅನ್ನುವ ನರವಿಜ್ಞಾನಿಯ ತಂಡ ಮೃತದೇಹಗಳ ತಲೆಯಲ್ಲಿ ಅಳೆದು ನೋಡಿ 2018ರಲ್ಲಿ ಪ್ರಕಟಿಸಿತು. ಹೊರಗೆ ಕೊಟ್ಟ ಕರೆಂಟಿನ ಮುಕ್ಕಾಲು ಪಾಲು ಅಥವಾ ಅದಕ್ಕಿಂತ ಹೆಚ್ಚು ಚರ್ಮ ಮತ್ತು ಬುರುಡೆಯಲ್ಲೇ ಹಂಚಿಹೋಗುತ್ತದೆ. ಒಳಗೆ ಮುಟ್ಟುವುದು ಚೂರು. ಆ ಚೂರು ಸಾಕೇ ಸಾಲದೇ ಅನ್ನುವ ಜಗಳ ಇನ್ನೂ ನಡೆಯುತ್ತಿದೆ.

ನಿದ್ದೆಯ ವಿಷಯದಲ್ಲಿ ಸಾಕ್ಷಿ ಇನ್ನೂ ತೆಳು. ಸಿಇಎಸ್ ಬಗ್ಗೆ 2018ರಲ್ಲಿ ಬಂದ ಒಂದು ದೊಡ್ಡ ಪರಾಮರ್ಶೆ, ಆತಂಕದ ಜೊತೆ ಖಿನ್ನತೆಯೂ ಇರುವವರಿಗೆ ಅಲ್ಪಸ್ವಲ್ಪ ಲಾಭ ಇರಬಹುದು ಅಂದಿತು. ಅದಕ್ಕೂ ಸಾಕ್ಷಿ ದುರ್ಬಲ ಅಂತ ಸೇರಿಸಿತು. ನಿದ್ರಾಹೀನತೆಗೆ ಏನೂ ಹೇಳುವಷ್ಟು ಸಾಕ್ಷಿಯೇ ಇಲ್ಲ ಅಂದಿತು.

ಇಷ್ಟೆಲ್ಲ ಹೇಳಿ ಕಳಿಸಿದೆ. ಮಾತ್ರೆ ಬಿಡಬೇಡಿ ಅಂತ ಮಾತ್ರ ಹೇಳಲಿಲ್ಲ. ಬಿಡುತ್ತಾರೆ ಅಂತ ನನಗೆ ಹೊಳೆಯಲೇ ಇಲ್ಲ.

ಆರನೇ ದಿನದ ಫೋನ್

"ಯಾವಾಗ ಹೊಡೆಯುತ್ತೆ?" ಅಂತ ಕೇಳಿದೆ.

"ಕಣ್ಣು ಪಕ್ಕಕ್ಕೆ ಹೊರಳಿಸಿದಾಗ. ಬೋರ್ಡಿನ ಈ ಮೂಲೆಯಿಂದ ಆ ಮೂಲೆಗೆ ನೋಡಿದ್ರೆ ಝಳ್ ಅನ್ನುತ್ತೆ. ಒಂದೇ ಸೆಕೆಂಡ್. ಜೊತೆಗೆ ತಲೆಸುತ್ತು, ವಾಕರಿಕೆ. ರಾತ್ರಿ ಭಯಂಕರ ಕನಸು."

ನಾನು ಹೆಡ್‌ಸೆಟ್ ಮೇಲೆಯೇ ಅನುಮಾನ ಪಟ್ಟೆ. ತಲೆಗೆ ಕರೆಂಟಿನ ಪಟ್ಟಿ ಕಟ್ಟಿಕೊಂಡವರು ತಲೆಯಲ್ಲಿ ಕರೆಂಟ್ ಹೊಡೆಯುತ್ತೆ ಅಂದರೆ ಇನ್ನೇನು ಯೋಚನೆ ಬರುತ್ತೆ ಹೇಳಿ! ಅದನ್ನು ಮುಟ್ಟಬೇಡಿ ಅಂದೆ. ಅರ್ಧ ದಿನ ಯಂತ್ರದ ಕೈಪಿಡಿ ಓದುತ್ತಾ ಕೂತೆ. ಸಂಜೆ ಅವರ ಮನೋವೈದ್ಯರಿಗೆ ಫೋನ್ ಮಾಡಿದೆ. ಅವರು ನನ್ನ ವಿವರಣೆಯನ್ನು ಪೂರ್ತಿ ಕೇಳಲೂ ಇಲ್ಲ.

"ಮಾತ್ರೆ ತಗೊಳ್ತಿದ್ದಾರಾ?"

ತಗೊಳ್ತಿರಲಿಲ್ಲ. ಮೂರನೇ ದಿನ ನಿಲ್ಲಿಸಿದ್ದರು, ಒಂದೇ ಸಲಕ್ಕೆ. ಡಬ್ಬಿಯ ಮೇಲೆ "ಔಷಧಿ ಇಲ್ಲದೆ" ಅಂತ ಇತ್ತಲ್ಲ. ಎರಡನ್ನೂ ಒಟ್ಟಿಗೆ ತಗೊಂಡರೆ ಅದು ಔಷಧಿ ಇಲ್ಲದ ಚಿಕಿತ್ಸೆ ಹೇಗಾಗುತ್ತೆ ಅನ್ನುವುದು ಅವರ ತರ್ಕ. ಗಣಿತದವರ ತರ್ಕ, ತಪ್ಪು ಹಿಡಿಯುವುದು ಕಷ್ಟ. ಯಂತ್ರಕ್ಕೆ ಔಷಧಿ ಬೇಡ ಅನ್ನುವುದು ಒಂದು ಮಾತು, ಬಳಸುವವರಿಗೆ ಔಷಧಿ ಬೇಡ ಅನ್ನುವುದು ಇನ್ನೊಂದು. ಆ ಎರಡು ಪದಗಳಲ್ಲಿ ಎರಡೂ ಅರ್ಥ ಕೂತಿವೆ. ಬರೆದವರು ಯಾವುದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರೋ, ಓದಿದವರಿಗೆ ಎರಡನೆಯದೇ ಕೇಳಿಸಿತ್ತು.

ವೆನ್ಲಾಫ್ಯಾಕ್ಸಿನ್ ದೇಹದಿಂದ ಬೇಗ ಖಾಲಿಯಾಗುವ ಔಷಧಿ. ದಿಢೀರ್ ನಿಲ್ಲಿಸಿದರೆ ಒಂದೆರಡು ದಿನದಲ್ಲೇ ತಲೆಸುತ್ತು, ವಾಕರಿಕೆ, ಸಿಡುಕು, ವಿಚಿತ್ರ ಕನಸು ಬರುತ್ತವೆ. ಜೊತೆಗೆ ತಲೆಯೊಳಗೆ ಶಾಕ್ ಹೊಡೆದಂಥ ಝಳಕು. ಕಣ್ಣು ಹೊರಳಿಸಿದಾಗ ಅದು ಜಾಸ್ತಿ ಅಂತ ತುಂಬಾ ಜನ ಹೇಳುತ್ತಾರೆ. ಖಿನ್ನತೆಯ ಮಾತ್ರೆಗಳನ್ನು ಬಿಟ್ಟವರಲ್ಲಿ ಇದು ಗೊತ್ತಿರುವ ಸಂಗತಿ. ಹೆಡ್‌ಸೆಟ್‌ನ ಕರೆಂಟು ಹಾಗೆ ಮಾಡುವುದಿಲ್ಲ. ಪಟ್ಟಿ ತೆಗೆದ ಕ್ಷಣ ಕರೆಂಟ್ ಮುಗಿಯಿತು, ಅದು ತಲೆಯಲ್ಲಿ ಕೂಡಿಟ್ಟು ಆಮೇಲೆ ಹೊಡೆಯುವಂಥದ್ದಲ್ಲ. ಹಾಕಿಕೊಂಡಾಗ ಆಗುವ ತೊಂದರೆಯೂ ಬೇರೆ ಥರದ್ದು. ಸ್ಪಂಜಿನ ಕೆಳಗೆ ಚುರುಚುರು, ತುರಿಕೆ, ಕೆಂಪು, ಕೆಲವರಿಗೆ ತಲೆನೋವು.

ವೈದ್ಯರು ಮಾತ್ರೆಯನ್ನು ಅದೇ ಪ್ರಮಾಣದಲ್ಲಿ ಮತ್ತೆ ಶುರುಮಾಡಿಸಿದರು. ಎರಡು ದಿನದಲ್ಲಿ ಝಳಕು ಮಾಯವಾಯಿತು. ಮಾತಾಡುವಾಗ ಇನ್ನೊಂದು ವಿಷಯ ಹೊರಬಿತ್ತು. ಮೊದಮೊದಲು ವಾಕರಿಕೆ ಬರುತ್ತಿದ್ದ ಕಾರಣ ಅವರು ಮಾತ್ರೆಯನ್ನು ರಾತ್ರಿಗೆ ಬದಲಿಸಿಕೊಂಡಿದ್ದರು. ಈ ಔಷಧಿ ಕೆಲವರ ನಿದ್ದೆಯನ್ನೇ ಕೆಡಿಸುತ್ತದೆ. ಬೆಳಗ್ಗೆ ತಗೊಳ್ಳಿ ಅಂದರು ವೈದ್ಯರು. ಎರಡು ವರ್ಷ ಯಾರೂ ಕೇಳಿರದ ಪ್ರಶ್ನೆ. ನಾನೂ ಕೇಳಿರಲಿಲ್ಲ.

ಈ ಒಂದು ವಾರ ಹೀಗೇ ಬಿಟ್ಟಿದ್ದರೆ ಕಥೆ ಎರಡು ದಾರಿಯಲ್ಲಿ ಹೋಗಬಹುದಿತ್ತು. "ಆ ಯಂತ್ರ ನನ್ನ ಮಿದುಳು ಸುಟ್ಟಿತು" ಅಂತ ಅವರು ಊರಿಗೆಲ್ಲ ಹೇಳಬಹುದಿತ್ತು. ಇಲ್ಲವೇ ಝಳಕನ್ನು ಸಹಿಸಿಕೊಂಡು "ಚಿಕಿತ್ಸೆ ಕೆಲಸ ಮಾಡ್ತಿದೆ" ಅಂತ ನಂಬಿ, ಮಾತ್ರೆಯಿಲ್ಲದೆ ಮತ್ತೆ ಖಿನ್ನತೆಗೆ ಜಾರಬಹುದಿತ್ತು. ಎರಡನೆಯದೇ ಹೆಚ್ಚು ಅಪಾಯ.

ಮತ್ತೆ ಮೊದಲಿಂದ

ಅವರಿಗೆ ಹೆಡ್‌ಸೆಟ್ ಬಿಡುವ ಮನಸ್ಸಿರಲಿಲ್ಲ. ನನಗೆ ಮೊದಲು ಸಿಬಿಟಿ-ಐ ಮಾಡಿಸಬೇಕು ಅಂತಿತ್ತು. ಅದು ನಿದ್ರಾಹೀನತೆಗೆಂದೇ ಇರುವ ವರ್ತನೆಯ ಚಿಕಿತ್ಸೆ. ದೀರ್ಘಕಾಲದ ನಿದ್ರಾಹೀನತೆಗೆ ಅದನ್ನೇ ಮೊದಲ ಚಿಕಿತ್ಸೆಯಾಗಿ ಕೊಡಿ ಅಂತ ಅಮೆರಿಕದ ವೈದ್ಯರ ಸಂಘ "ಅಮೆರಿಕನ್ ಕಾಲೇಜ್ ಆಫ್ ಫಿಜಿಷಿಯನ್ಸ್" 2016ರಲ್ಲೇ ಹೇಳಿದೆ. ಅದಕ್ಕೂ ಔಷಧಿ ಬೇಡ, ಕರೆಂಟೂ ಬೇಡ. ಆದರೆ ಅದಕ್ಕೆ ಹೊಳೆಯುವ ಡಬ್ಬಿ ಇಲ್ಲ, ತಮ್ಮ ಪ್ರೀತಿಯಿಂದ ತಂದುಕೊಡುವಂಥದ್ದೂ ಅಲ್ಲ.

ಸ್ವಲ್ಪ ಜಗಳ ಆಯ್ತು. ಎರಡನ್ನೂ ಒಟ್ಟಿಗೆ ಶುರುಮಾಡೋಣ ಅಂದೆ. ಅವರೇ ಬೇಡ ಅಂದರು. "ಎರಡು ಅಜ್ಞಾತ ಸಂಖ್ಯೆ, ಒಂದೇ ಸಮೀಕರಣ. ಉತ್ತರ ಸಿಗಲ್ಲ ಮೇಡಂ." ಸೋತೆ. ಮೊದಲು ಹೆಡ್‌ಸೆಟ್ ಮಾತ್ರ ಅಂತ ಒಪ್ಪಿದೆ. ನಿದ್ದೆಯ ಪರಿಹಾರ ಆರು ವಾರ ತಡವಾಯಿತು ಅನ್ನುವ ಚುಚ್ಚು ನನಗೆ ಈಗಲೂ ಇದೆ.

ಮನೋವೈದ್ಯರು ಒಪ್ಪಿಗೆ ಕೊಡುವ ಮುಂಚೆ ಕೇಳಬೇಕಾದ್ದನ್ನೆಲ್ಲ ಕೇಳಿದರು. ಫಿಟ್ಸ್ ಬಂದಿದ್ದಿದೆಯಾ, ತಲೆಯಲ್ಲಿ ಲೋಹದ ತುಂಡು, ಹೃದಯಕ್ಕೆ ಪೇಸ್‌ಮೇಕರ್, ಗರ್ಭಿಣಿಯೇ, ಹಿಂದೆ ಯಾವತ್ತಾದರೂ ಉನ್ಮಾದದ ದಿನಗಳು, ಅಂದರೆ ನಿದ್ದೆಯೇ ಬೇಡವೆನಿಸಿ ಮನಸ್ಸು ಮಿತಿಮೀರಿದ ಹುರುಪಿನಲ್ಲಿ ಓಡುವ ದಿನಗಳು. ಯಾವುದೂ ಇರಲಿಲ್ಲ. ಮಾತ್ರೆ ಬದಲಾಗಬಾರದು ಅನ್ನುವುದು ಷರತ್ತು.

ಎರಡು ವಾರ ಏನೂ ಮಾಡದೆ ಕಾದೆವು, ಮಾತ್ರೆಯ ಹೊಸ ಹೊತ್ತಿಗೆ ದೇಹ ಒಗ್ಗಲಿ ಅಂತ. ಇನ್ನೆರಡು ವಾರ ಬರೀ ಬರೆದಿಟ್ಟೆವು. ಎಷ್ಟಕ್ಕೆ ಮಲಗಿದೆ, ಅಂದಾಜು ಎಷ್ಟಕ್ಕೆ ನಿದ್ದೆ ಹತ್ತಿತು, ಎಷ್ಟು ಸಲ ಎಚ್ಚರ, ಎಷ್ಟಕ್ಕೆ ಎದ್ದೆ. ಕೈಗಡಿಯಾರದ ಅಂಕಿ ಬೇಡ, ಪೆನ್ನು ಪುಸ್ತಕ ಸಾಕು. ಹಾಸಿಗೆಯಲ್ಲಿ ಸರಾಸರಿ 8 ಗಂಟೆ 40 ನಿಮಿಷ, ನಿದ್ದೆ 5 ಗಂಟೆ 20 ನಿಮಿಷ. ಹಾಸಿಗೆಯಲ್ಲಿದ್ದ ಹೊತ್ತಿನಲ್ಲಿ ನಿದ್ದೆಯ ಪಾಲು, ಅಂದರೆ ನಿದ್ದೆಯ ದಕ್ಷತೆ, ನೂರಕ್ಕೆ 62. ಒಳ್ಳೆ ನಿದ್ದೆ ಅಂದರೆ 85ಕ್ಕಿಂತ ಮೇಲಿರಬೇಕು. ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9ರಲ್ಲಿ 27ಕ್ಕೆ 15. ನಿದ್ರಾಹೀನತೆ ಅಳೆಯುವ ಐಎಸ್‌ಐನಲ್ಲಿ 28ಕ್ಕೆ 20. ಎರಡರಲ್ಲೂ ಅಂಕ ಜಾಸ್ತಿ ಅಂದರೆ ಕಷ್ಟ ಜಾಸ್ತಿ. ಸಾಯುವ ಯೋಚನೆಯ ಪ್ರಶ್ನೆಗೆ ಸೊನ್ನೆ. ಆ ಒಂದು ಪ್ರಶ್ನೆಯನ್ನು ನಾನು ಪ್ರತಿ ಸಲವೂ ಬಾಯಿಬಿಟ್ಟು ಕೇಳುತ್ತಿದ್ದೆ, ಕಾಗದಕ್ಕೆ ಬಿಡಲಿಲ್ಲ.

ಆಮೇಲೆ ಹೆಡ್‌ಸೆಟ್. ಮೂರು ವಾರ ವಾರಕ್ಕೆ ಐದು ಸಲ, ಮತ್ತೆ ಮೂರು ವಾರ ವಾರಕ್ಕೆ ಮೂರು ಸಲ. ಬೆಳಗ್ಗೆ ಆರೂವರೆಗೆ, ಕಿಟಕಿ ಪಕ್ಕದ ಕುರ್ಚಿಯಲ್ಲಿ, ಅರ್ಧ ಗಂಟೆ.

ಎರಡನೇ ವಾರ ಹಣೆಯ ಮೇಲೆ ನಾಣ್ಯದಗಲ ಕೆಂಪು ಗಾಯ ಆಯ್ತು. ಕಾರಣ ತಕ್ಷಣ ಸಿಕ್ಕಿತು. ಉಪ್ಪುನೀರು ಮುಗಿದಿತ್ತು, ನಲ್ಲಿ ನೀರಲ್ಲಿ ಅದ್ದಿದ್ದರು. ಅದೂ ಅರ್ಧ ಒದ್ದೆ. ಈ ಯಂತ್ರ ಕರೆಂಟನ್ನು 2 ಮಿಲಿಆಂಪಿಯರ್‌ನಲ್ಲೇ ಹಿಡಿದಿಡಲು ನೋಡುತ್ತದೆ. ಸ್ಪಂಜು ಒಣಗಿ ತಡೆ ಹೆಚ್ಚಿದರೆ ವೋಲ್ಟೇಜ್ ಏರಿಸುತ್ತದೆ. ಇಡೀ ಸ್ಪಂಜಿನಗಲ ಹರಡಬೇಕಾದ ಕರೆಂಟು ಒದ್ದೆ ಇದ್ದ ಒಂದು ಮೂಲೆಯಿಂದಲೇ ನುಗ್ಗುತ್ತದೆ. ಚರ್ಮ ಸುಡುತ್ತದೆ. ನಾಲ್ಕು ದಿನ ಬಿಟ್ಟು ಗಾಯ ಮಾಗಿದ ಮೇಲೆ ಮುಂದುವರಿಸಿದರು. ಮನೆಯಲ್ಲೇ ತಂತಿ ಬ್ಯಾಟರಿ ಜೋಡಿಸಿ ತಲೆಗೆ ಕರೆಂಟ್ ಬಿಟ್ಟುಕೊಳ್ಳುವವರಿದ್ದಾರೆ. ಅಂಥವರಿಗೆಂದೇ ನರವಿಜ್ಞಾನಿಗಳು 2016ರಲ್ಲಿ ಬಹಿರಂಗ ಪತ್ರ ಬರೆದು ಎಚ್ಚರಿಸಿದ್ದರು. ಒಳ್ಳೆ ಯಂತ್ರದಲ್ಲೇ ಹೀಗಾದರೆ, ಆ ಬ್ಯಾಟರಿಯವರ ಕಥೆ ಯೋಚಿಸಿ.

ಆರು ವಾರದ ಕೊನೆಗೆ ಪಿಎಚ್‌ಕ್ಯೂ-9 15ರಿಂದ 10ಕ್ಕೆ ಇಳಿಯಿತು. ಐದು ಅಂಕ ಇಳಿದರೆ ಅದು ನಿಜವಾದ ಬದಲಾವಣೆ ಅಂತ ಲೆಕ್ಕ. ಐಎಸ್‌ಐ 20ರಿಂದ 18. ಅಂದರೆ ಮನಸ್ಸು ಒಂದು ಮೆಟ್ಟಿಲು ಹತ್ತಿತು, ನಿದ್ದೆ ಅಲ್ಲೇ ನಿಂತಿತು. "ಹಾಡು ಕೇಳಬೇಕು ಅನ್ನಿಸಿತು" ಅಂದರು ಒಂದು ದಿನ. ನನಗೆ ಅಂಕಿಗಿಂತ ಆ ಮಾತು ಖುಷಿ ಕೊಟ್ಟಿತು.

ಕರೆಂಟಿನಿಂದಲೇ ಆಯ್ತಾ? ಅವರೇ ಒಂದು ಹಾಳೆಯಲ್ಲಿ ಬರೆದುಕೊಂಡು ಬಂದಿದ್ದರು. ಆ ಆರು ವಾರದಲ್ಲಿ ಬದಲಾದದ್ದು ಕರೆಂಟ್ ಒಂದೇ ಅಲ್ಲ. ದಿನಾ ಒಂದೇ ಹೊತ್ತಿಗೆ ಎದ್ದರು. ಬೆಳಗಿನ ಬೆಳಕಿಗೆ ಮುಖ ಕೊಟ್ಟು ಕೂತರು, ಅದೇ ಮನಸ್ಸಿಗೆ ಒಳ್ಳೆಯದು. ಅರ್ಧ ಗಂಟೆ ಯಾರೂ ಅವರನ್ನು ಕೆಲಸಕ್ಕೆ ಕರೆಯಲಿಲ್ಲ. ಮೂರನೇ ವಾರದ ಹೊತ್ತಿಗೆ ಪರೀಕ್ಷೆಯ ಪೇಪರ್ ತಿದ್ದುವ ಕೆಲಸ ಮುಗಿದಿತ್ತು. ನಾನು ವಾರಕ್ಕೊಮ್ಮೆ ಹೇಗಿದ್ದೀರಿ ಅಂತ ಕೇಳುತ್ತಿದ್ದೆ. ಒಂದೇ ಅಜ್ಞಾತ ಸಂಖ್ಯೆ ಇರಲಿ ಅಂತ ಹೊರಟವರ ಕೈಗೆ ಆರು ಸಿಕ್ಕಿದ್ದವು.

ನಿದ್ದೆಗೆ ಬೇರೆ ದಾರಿ

ಈಗ ನನ್ನ ಸರದಿ. ಸಿಬಿಟಿ-ಐನ ಮುಖ್ಯ ಭಾಗದಿಂದ ಶುರುಮಾಡಿದೆವು. ಆರ್ಥರ್ ಸ್ಪೀಲ್‌ಮನ್ 1980ರ ದಶಕದಲ್ಲಿ ರೂಪಿಸಿದ ವಿಧಾನವಿದು. ಕೇಳಿದವರಿಗೆ ಹುಚ್ಚು ಅನ್ನಿಸುತ್ತದೆ. ನಿದ್ದೆ ಬಾರದವರ ಹಾಸಿಗೆಯ ಹೊತ್ತನ್ನು ಹೆಚ್ಚಿಸುವ ಬದಲು ಕತ್ತರಿಸುವುದು. ಅವರು ಮಲಗುವುದು ಐದು ಚಿಲ್ಲರೆ ಗಂಟೆ ತಾನೇ? ಹಾಗಾದರೆ ಹಾಸಿಗೆಯಲ್ಲೂ ಐದೂವರೆ ಗಂಟೆ ಮಾತ್ರ. ರಾತ್ರಿ ಹನ್ನೆರಡೂವರೆಗೆ ಮುಂಚೆ ಮಲಗುವಂತಿಲ್ಲ, ಬೆಳಗ್ಗೆ ಆರಕ್ಕೆ ಏಳಲೇಬೇಕು. ಜೊತೆಗೆ ರಿಚರ್ಡ್ ಬೂಟ್ಜಿನ್ 1972ರಲ್ಲಿ ಹೇಳಿದ ನಿಯಮ: ನಿದ್ದೆ ಬಾರದಿದ್ದರೆ ಹಾಸಿಗೆ ಬಿಟ್ಟು ಏಳಿ, ಕಣ್ಣು ಎಳೆದಾಗ ಮಾತ್ರ ವಾಪಸ್ ಹೋಗಿ. ಹಾಸಿಗೆ ಅಂದರೆ ಹೊರಳಾಟ ಅಂತ ಕಲಿತುಬಿಟ್ಟ ಮಿದುಳಿಗೆ ಆ ಪಾಠ ಮರೆಸಬೇಕು.

ಮೊದಲ ಹತ್ತು ದಿನ ನರಕ. ಗಾಡಿ ಓಡಿಸಬೇಡಿ ಅಂತ ಮೊದಲೇ ಹೇಳಿದ್ದೆ. ಐದನೇ ದಿನ "ನಿಮ್ಮ ಮೀನೇ ವಾಸಿ" ಅಂತ ಒಂದು ಸಂದೇಶ ಬಂತು. ಉತ್ತರ ಕೊಡಲಿಲ್ಲ. ಹನ್ನೊಂದನೇ ರಾತ್ರಿ ಮೂರು ಗಂಟೆಯ ಎಚ್ಚರ ಮೊದಲ ಸಲ ತಪ್ಪಿತು. ದಕ್ಷತೆ 85 ದಾಟಿದ ವಾರವೆಲ್ಲ ಹದಿನೈದು ನಿಮಿಷ ಸೇರಿಸುತ್ತಾ ಹೋದೆವು. ಏಳು ವಾರದ ಕೊನೆಗೆ ಹನ್ನೊಂದೂಕಾಲಿಗೆ ಮಲಗಿ ಆರಕ್ಕೆ ಏಳುತ್ತಿದ್ದರು. ಹಾಸಿಗೆಯಲ್ಲಿ ಆರೂಮುಕ್ಕಾಲು ಗಂಟೆ, ನಿದ್ದೆ ಆರು ಗಂಟೆ. ದಕ್ಷತೆ 89. ಐಎಸ್‌ಐ 8, ಪಿಎಚ್‌ಕ್ಯೂ-9 6. ಈ ಏಳು ವಾರವೂ ಹೆಡ್‌ಸೆಟ್ ವಾರಕ್ಕೆ ಮೂರು ಸಲ ನಡೆದಿತ್ತು.

ಇಲ್ಲಿ ಟೀಚರ್ ಒಂದು ವಿಷಯ ಹಿಡಿದರು, ನನಗೆ ತುಂಬಾ ಇಷ್ಟವಾಯಿತು. ಖಿನ್ನತೆಯ ಪಟ್ಟಿಯಲ್ಲೇ ನಿದ್ದೆಯ ಪ್ರಶ್ನೆ ಇದೆ, ಸುಸ್ತಿನ ಪ್ರಶ್ನೆಯೂ ಇದೆ. ಎರಡಕ್ಕೂ ಮೂರು ಮೂರು ಅಂಕ. 10ರಿಂದ 6ಕ್ಕೆ ಇಳಿದ ನಾಲ್ಕು ಅಂಕದಲ್ಲಿ ಮೂರು ಈ ಎರಡು ಪ್ರಶ್ನೆಯಿಂದಲೇ ಬಂದಿದ್ದವು. ಪ್ರಯೋಗಗಳಲ್ಲಿ ಬಳಸುವ ಹ್ಯಾಮಿಲ್ಟನ್ ಪಟ್ಟಿಯಲ್ಲಂತೂ ನಿದ್ದೆಗೇ ಮೂರು ಪ್ರಶ್ನೆಗಳಿವೆ, ಒಟ್ಟು ಆರು ಅಂಕ. "ಅಂದ್ರೆ ನಿದ್ದೆ ಸರಿಹೋದ್ರೆ ಖಿನ್ನತೆ ಇಳಿದ ಹಾಗೆ ಕಾಣುತ್ತೆ" ಅಂದರು. ಹೌದು. ನಿಜವಾಗಿ ಇಳಿಯಲೂಬಹುದು, ಬರೀ ಹಾಗೆ ಕಾಣಲೂಬಹುದು. "ಮನಸ್ಸಿಗೂ ನಿದ್ದೆಗೂ" ಅಂತ ಒಟ್ಟಿಗೆ ಮಾರುವ ಯಾವ ಯಂತ್ರದ ಅಂಕಿ ನೋಡಿದರೂ ನನಗೀಗ ಇದೇ ನೆನಪಾಗುತ್ತದೆ.

ಕೊನೆಯದಾಗಿ ನಾಲ್ಕು ವಾರ ಹೆಡ್‌ಸೆಟ್ ನಿಲ್ಲಿಸಿದೆವು. ಕುರ್ಚಿ, ಕಿಟಕಿ, ಆರೂವರೆ ಎಲ್ಲ ಹಾಗೇ ಇತ್ತು. ಪಿಎಚ್‌ಕ್ಯೂ-9 7ಕ್ಕೆ ಬಂತು, ಐಎಸ್‌ಐ 8ರಲ್ಲೇ ನಿಂತಿತು. ಒಂದು ಅಂಕದ ಏರಿಳಿತಕ್ಕೆ ಅರ್ಥ ಹಚ್ಚುವಂತಿಲ್ಲ. ಕರೆಂಟು ತನ್ನ ಕೆಲಸ ಮುಗಿಸಿ ಹೋಗಿದೆ ಅನ್ನಬಹುದು, ಅದು ಏನೂ ಮಾಡಿಯೇ ಇರಲಿಲ್ಲ ಅಂತಲೂ ಅನ್ನಬಹುದು. ನಮ್ಮ ಪುಸ್ತಕದ ಅಂಕಿಗಳು ಎರಡಕ್ಕೂ ಹೊಂದುತ್ತವೆ. ನಿದ್ದೆಯ ಸುಧಾರಣೆ ಹಾಸಿಗೆಯ ಹೊತ್ತು ಕತ್ತರಿಸಿದ್ದರಿಂದ ಬಂತು ಅನ್ನುವುದನ್ನು ಮಾತ್ರ ಧೈರ್ಯವಾಗಿ ಹೇಳಬಲ್ಲೆ. ಯಾಕಂದ್ರೆ ಹೆಡ್‌ಸೆಟ್ ಒಂದೇ ಇದ್ದ ಆರು ವಾರ ನಿದ್ದೆ ಕದಲಿರಲಿಲ್ಲ.

ಮಾತ್ರೆ? ಅದನ್ನು ಬಿಡುವ ಆಸೆ ಅವರಿಗೆ ಈಗಲೂ ಇದೆ, ತಪ್ಪೇನಿಲ್ಲ. ಮನೋವೈದ್ಯರು ಹಲವು ತಿಂಗಳಲ್ಲಿ ಹಂತಹಂತವಾಗಿ ಇಳಿಸುವ ಪಟ್ಟಿ ಹಾಕಿಕೊಟ್ಟಿದ್ದಾರೆ. ಮೊದಲ ಇಳಿಕೆಯಲ್ಲಿ ಎರಡು ದಿನ ಸಣ್ಣ ಝಳಕು ಬಂತಂತೆ. "ಈ ಸಲ ಗುರುತು ಹಿಡಿದೆ" ಅಂದರು.

ಹೆಡ್‌ಸೆಟ್ ಡಬ್ಬಿ ಸೇರಿತ್ತು. ಹೋದ ತಿಂಗಳು ತಮ್ಮನನ್ನೂ ಕರೆದುಕೊಂಡು ಬಂದರು. ಸುಮ್ನೆ ಬಿದ್ದಿದೆಯಲ್ಲ, ನಾನು ಬಳಸಬಹುದಾ ಅಂತ ಅವನ ಪ್ರಶ್ನೆ. ಬೇಜಾರಿನ ದಿನಗಳು ಬರುತ್ತವಂತೆ. ಬೇಜಾರಿಲ್ಲದ ದಿನಗಳು ಹೇಗಿರುತ್ತವೆ ಅಂತ ಕೇಳಿದೆ. ಕಣ್ಣರಳಿಸಿ ಹೇಳಿದ. ವರ್ಷಕ್ಕೆ ಒಂದೆರಡು ಸಲ ನಾಲ್ಕೈದು ದಿನ ನಿದ್ದೆಯೇ ಬೇಕಾಗುವುದಿಲ್ಲ, ಎರಡು ಗಂಟೆ ಮಲಗಿದರೆ ಸಾಕು, ತಲೆ ರಾಕೆಟ್ ಥರ ಓಡುತ್ತೆ, ಆಗಲೇ ತಾನು ಸಿಕ್ಕಿದ್ದೆಲ್ಲ ಕೊಳ್ಳುವುದು. ಈ ಹೆಡ್‌ಸೆಟ್ ಕೂಡ ಅಂಥದ್ದೇ ಒಂದು ವಾರದಲ್ಲಿ ತಂದದ್ದು.

ಟೀಚರ್ ನನ್ನ ಮುಖ ನೋಡಿದರು. 2017ರ ಪ್ರಯೋಗದಲ್ಲಿ ಟಿಡಿಸಿಎಸ್ ಪಡೆದವರ ಪೈಕಿ ಇಬ್ಬರಿಗೆ ಹೊಸದಾಗಿ ಉನ್ಮಾದ ಕಾಣಿಸಿಕೊಂಡಿತ್ತು ಅಂತ ನಾನೇ ಅವರಿಗೆ ಹೇಳಿದ್ದೆ. ಅವರು ಚೀಲದಿಂದ ಡಬ್ಬಿ ತೆಗೆದು ನನ್ನ ಮೇಜಿನ ಮೇಲಿಟ್ಟರು. ನಾನು ಮನೋವೈದ್ಯರ ನಂಬರ್ ಬರೆದು ತಮ್ಮನ ಕೈಗೆ ಕೊಟ್ಟೆ. ಈ ವಾರ ಅವನ ಭೇಟಿ ಇದೆ. ಡಬ್ಬಿ ಸದ್ಯಕ್ಕೆ ನನ್ನ ಹತ್ತಿರವೇ ಇದೆ.